ಟೀವಿಗೆ ಡಾಕ್ಟ್ರ್ ಬೇಡ, ಮಾರುವವ್ರಿಗೆ ನಾಚ್ಕಿ ಬೇಕ್

ಹ್ವಾಯ್, ಇವತ್ತ್ ನಾನ್ ಅಡುಗೆ ವಿಷ್ಯ ಬರೂಕೆ ಕೂಕಂಡದ್ದಲ್ಲ. ಜಗಳ ಮಾಡುಕೇ ಕೂಕಂಡದ್ದ್. ಹೊಸ ಟೀವಿ ತಕಂಡ ಮೇಲೆ ಅದ್ರ ಬಣ್ಣ ಸಮಾ ಮಾಡುಕೆ ಮತ್ತೊಬ್ಬ ಎಕ್ಸ್‌ಪರ್ಟ್‌ನ ಮನಿಗೆ ಕರ್ಸ್ಕ್, ಅವ್ರಿಗೆ ಬೇರೆ ದುಡ್ಡ್ ಕೊಡ್ಕ್ ಅಂಬ ಹೊಸ ಶಾಸ್ತ್ರ ಒಂದ್ ಶುರುವಾಯ್ತ್. ಅದ್ಕೆ ಕ್ಯಾಲಿಬ್ರೇಶನ್ ಅಂದೇಳಿ ಹೆಸ್ರ್. ಪ್ಯಾಟಿ ಬದಿಯಂಗೆ ಹುಟ್ಟಿದ್ ಈ ಶಾಸ್ತ್ರ ಈಗ ಬೆಂಗ್ಳೂರಂಗಿಪ್ಪು ಮಕ್ಳ ಬಾಯಿಂದ ನಮ್ಮ ಕೆರಾಡಿಗೂ ಬಂದ್ ಮುಟ್ಟಿತ್ತ್. ನಾನ್ ಹೇಳುದ್ ಇಷ್ಟೇ: ಆ ಕೆಲ್ಸ ಸುಳ್ಳಲ್ಲ. ಆರೆ ಅದ್ರ ಬಿಲ್ಲ್ ನಮ್ಮ ಹೆಸ್ರಿಗೆ ಬಪ್ಪುದ್ ಅನ್ಯಾಯ.

ನಮ್ಮನಿಗೆ ದೀಪಾವಳಿ ಹೊತ್ತಿಗೆ 55 ಇಂಚಿನ ಟೀವಿ ಬಂತ್. ಬೆಲಿ ಸುಮಾರ್ 50,000 ರೂಪಾಯಿ. ಮಗ ಊರಿಗೆ ಬಂದವ ಹತ್ತ್ ನಿಮಿಷ ಕಂಡ, "ಅಮ್ಮ, ಇದ್ರ ಬಣ್ಣ ಸರಿ ಇಲ್ಲೆ. ಒಬ್ರನ್ನ ಕಳ್ಸ್ತೆ, ಮೀಟ್ರ್ ಹಾಕಿ ಸಮಾ ಮಾಡಿ ಕೊಡ್ತ್ರ್. 15,000 ಆತ್ತ್, ಬಪ್ಪು ಹೋಪು ಖರ್ಚ್ ಬೇರೆ" ಅಂದ. ಮಗ ಹೇಳದ್ದ್ ಪ್ರೀತಿಯಿಂದ್ಲೇ, ಅದ್ರಂಗೆ ಎರಡ್ ಮಾತಿಲ್ಲೆ. ಆರೆ ನನ್ನ ಮಂಡಿಯಂಗೆ ಒಂದೇ ಪ್ರಶ್ನಿ ಕೂತ್ಕಂಡ್ತ್. 50,000ದ ವಸ್ತುವಿಗೆ 15,000ದ ರಿಪೇರಿ, ಅದೂ ಹಾಳಾಪುಕೆ ಮುಂಚೆಯಾ? ಹಂಗಾರೆ ಅಂಗ್ಡಿಯವ್ರ್ ನಮಗೆ ಕೊಟ್ಟದ್ ಎಂತ?

ಮೊದ್ಲ್ ಈ ಕ್ಯಾಲಿಬ್ರೇಶನ್ ಅಂದ್ರೆ ಎಂತ ಅಂದೇಳಿ ಸರಿಯಾಯ್ ತಿಳ್ಕಂಬ. ಗೊತ್ತಿಲ್ದೇ ಬೈದ್ರೆ ಬೈಗುಳಕ್ಕೆ ಬೆಲಿ ಇಲ್ಲೆ. ಕೆಲ್ಸದವ್ರ್ ಒಂದ್ ಸಣ್ಣ ಅಳತಿ ಯಂತ್ರ ತತ್ರ್, ಅದ್ಕೆ ಕಲರಿಮೀಟರ್ ಅಂತ್ರ್. ಅದನ್ನ ಟೀವಿ ಪರದಿ ಎದ್ರ್ ಇಟ್ಟ್, ಕಪ್ಪು, ಬೂದಿ, ಬಿಳಿ, ಕೆಂಪು, ಹಸ್ರ್, ನೀಲಿ ಅಂದೇಳಿ ಒಂದೊಂದೇ ಬಣ್ಣದ ಚೌಕ ತೋರ್ಸ್ತ್ರ್. ಯಂತ್ರ ಕಂಡ ಬಣ್ಣಕ್ಕೂ, ಇರ್ಕಾದ ಬಣ್ಣಕ್ಕೂ ಎಷ್ಟ್ ವ್ಯತ್ಯಾಸ ಅಂದೇಳಿ ಕಂಪ್ಯೂಟರ್ ಲೆಕ್ಕ ಹಾಕತ್ತ್. ಆ ವ್ಯತ್ಯಾಸಕ್ಕೆ ಡೆಲ್ಟಾ ಈ ಅಂದೇಳಿ ಹೆಸ್ರ್. ಅದ್ 3ಕ್ಕಿಂತ ಕಡ್ಮಿ ಆದ್ರೆ ನಮ್ಮ ಕಣ್ಣಿಗೆ ಹೆಚ್ಚುಕಡ್ಮಿ ಗೊತ್ತೇ ಆಪುದಿಲ್ಲೆ. ಅಲ್ಲಿವರೆಗೆ ಒಳಗಿನ ಸೆಟ್ಟಿಂಗ್ ತಿರುಗಿಸ್ತಾ ಹೋತ್ರ್. ಅಷ್ಟೇ ಕೆಲ್ಸ. ಆರೆ ತಾಳ್ಮಿ ಬೇಕ್, ವಿದ್ಯೆ ಬೇಕ್, ಒಳ್ಳೆ ಯಂತ್ರ ಬೇಕ್. ಅವ್ರ್ ಮೋಸಗಾರ್ರ್ ಅಂದೇಳಿ ನಾನ್ ಹೇಳುದಿಲ್ಲೆ.

"ಇರ್ಕಾದ ಬಣ್ಣ" ಅಂದ್ರೆ ಯಾವ್ದ್? ಅದ್ಕೂ ಒಂದ್ ನಿಯಮ ಇತ್ತ್. ಎಚ್‌ಡಿ ಟೀವಿಗೆ 1990ರಲ್ಲಿ ಬಂದ ರೆಕ್ 709 ಅಂಬ ಅಂತರರಾಷ್ಟ್ರೀಯ ನಿಯಮ. ಅದ್ರ ಪ್ರಕಾರ ಬಿಳಿ ಅಂದ್ರೆ ಡಿ65, ಅಂದ್ರೆ ಸುಮಾರ್ 6500 ಕೆಲ್ವಿನ್ ಬೆಳ್ಕ್. ಹೆದ್ರ್ಬೇಡಿ, ಹೆಂಗ್ಸರಿಗೆ ಇದ್ ಹೊಸ್ತಲ್ಲ. ಸೀರಿ ಅಂಗ್ಡಿಯಂಗೆ ಸೀರಿ ಎತ್ಕಂಡ್ ನಾವ್ ಬಾಗ್ಲ ಹತ್ರ ಹೋಯ್ ಹಗ್ಲ್ ಬೆಳ್ಕಿಗೆ ಹಿಡ್ದ್ ಕಾಂಬುದಿಲ್ಯಾ? ಒಳಗಿನ ಲೈಟಿಗೆ ಮೆರೂನ್ ಕಂಡದ್ದ್ ಹೊರಗೆ ಕಂದ್ ಆಯಿರತ್ತ್. ಆ ಹಗ್ಲ್ ಬೆಳ್ಕೇ ಡಿ65. ಸಿನಿಮಾ ಮಾಡುವವ್ರ್ ತಮ್ಮ ಕೋಣಿಯಂಗೆ ಬಣ್ಣ ನಿರ್ಧಾರ ಮಾಡುವಾಗ ಇಂಥಾ ನಿಯಮಕ್ಕೆ ಸಮಾ ಮಾಡಿದ ಪರದಿ ಮೇಲೇ ಕಾಂತ್ರ್. ನಮ್ಮನಿ ಟೀವಿಯೂ ಅದ್ನೇ ತೋರ್ಸಿದ್ರೆ ಅವ್ರ್ ಕಂಡದ್ದ್ ನಾವೂ ಕಂಡಂಗೆ ಆಯ್ತ್. ಇಲ್ಲೆ ಅಂದ್ರೆ ಇಲ್ಲೆ.

ಹಂಗಾರೆ ಕಂಪ್ನಿಯವ್ರಿಗೆ ಈ ನಿಯಮ ಗೊತ್ತಿಲ್ಯಾ? ಚೆನ್ನಾಯ್ ಗೊತ್ತಿತ್ತ್. ಅದೇ ಟೀವಿಯಂಗೆ ನಿಯಮಕ್ಕೆ ಹತ್ರ ಇಪ್ಪು ಮೋಡ್ ಒಂದನ್ನ ಅವ್ರೇ ಇಟ್ಟಿರ್ತ್ರ್. ಸಿನಿಮಾ, ಮೂವಿ, ಫಿಲ್ಮ್‌ಮೇಕರ್, ಒಂದೊಂದ್ ಕಂಪ್ನಿಯದ್ದ್ ಒಂದೊಂದ್ ಹೆಸ್ರ್. ಆರೆ ಪೆಟ್ಟಿಗೆ ಬಿಚ್ಚಿ ಟೀವಿ ಹಾಕುವಾಗ ಎದ್ರಿಗೆ ಬಪ್ಪುದ್ ಹೆಚ್ಚಾಯಿ ವಿವಿಡ್, ಡೈನಾಮಿಕ್, ಸ್ಟ್ಯಾಂಡರ್ಡ್. ಎಂತಕೆ? ಅಂಗ್ಡಿಯಂಗೆ ಇಪ್ಪತ್ತ್ ಟೀವಿ ಸಾಲಾಯ್ ಇಟ್ಟಿರ್ತ್ರ್, ಮೇಲೆ ಟ್ಯೂಬ್‌ಲೈಟ್ ಉರೀತಾ ಇರತ್ತ್. ಅದ್ರಂಗೆ ಯಾವ್ದ್ ಹೆಚ್ಚ್ ಕುಕ್ಕತ್ತೋ ಅದ್ರ ಎದ್ರ್ ಗಿರಾಕಿ ನಿಂತ್ಕಂತ. ಅದ್ಕೇ ಬಿಳಿಗೆ ನೀಲಿ ಬೆರ್ಸುದ್. ನಾವ್ ಬಿಳಿ ಪಂಚಿಗೆ ನೀಲಿ ಹಾಕುದಿಲ್ಯಾ, ಅದೇ ಉಪಾಯ! 6500 ಇರ್ಕಾದ ಬಿಳಿ 9,000, 10,000 ಕೆಲ್ವಿನ್ ಮುಟ್ಟುದೂ ಇತ್ತ್. ಒಂದ್ ಹನಿ ನೀಲಿ ಹಾಕಿದ್ ಪಂಚಿ ಚೆಂದ. ಬಾಟ್ಲಿ ಮಗುಚಿದ್ ಪಂಚಿ ಉಟ್ಕಂಡ್ ಯಾರಾರೂ ಮದಿಗೆ ಹೋತ್ರಾ?

ಈಗ ನನ್ನ ಮುಖ್ಯ ಜಗಳಕ್ಕೆ ಬತ್ತೆ. ವಂಡ್ಸೆ ಪ್ಯಾಟಿಯಂಗೆ ಒಂದ್ ಕೇಜಿ ಸಕ್ರಿ ತಕಂತೊ ಅಂದೇಳಿ ಇಟ್ಕಣಿ. ಅಂಗ್ಡಿ ತಕ್ಕಡಿ ಸರಿ ಇರ್ಕ್ ಅಂಬುದ್ ಯಾರ ಜವಾಬ್ದಾರಿ? ಅಂಗ್ಡಿಯವ್ರದ್ದ್. ನಮ್ಮ ದೇಶದಂಗೆ ಅದ್ಕೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಇತ್ತ್. ಕಾಲಕಾಲಕ್ಕೆ ಇಲಾಖೆಯವ್ರ ಹತ್ರ ತಕ್ಕಡಿ, ಬಟ್ಟು ಪರೀಕ್ಷೆ ಮಾಡ್ಸಿ ಮುದ್ರಿ ಹಾಕ್ಸ್ಕಣ್ಕ್. ಅದ್ರ ಫೀಸ್ ಕಟ್ಟುದ್ ವ್ಯಾಪಾರಿ. "ಅಕ್ಕ, ನಮ್ಮ ತಕ್ಕಡಿ ಸ್ವಲ್ಪ ಹೆಚ್ಚ್ ತೂಗತ್ತ್, ಸಮಾ ಮಾಡ್ಸುದಾರೆ ನೀವೇ ಒಬ್ರನ್ನ ಕರ್ಸಿ, ನೀವೇ ದುಡ್ಡ್ ಕೊಡಿ" ಅಂದೇಳಿ ಯಾವ ಅಂಗ್ಡಿಯವ್ರಾರೂ ಹೇಳಿದ್ರೆ ನಾವ್ ಸುಮ್ನಿರ್ತಿದ್ವಾ? ಟೀವಿ ವಿಷ್ಯದಂಗೆ ಮಾತ್ರ ಸುಮ್ನಿತ್ತ್. ಸುಮ್ನಿಪ್ಪುದಲ್ಲ, ಅದನ್ನ ದೊಡ್ಡಸ್ತಿಕಿ ಅಂದೇಳಿ ಹೇಳ್ಕಂತಾ ಇತ್ತ್. "ನಮ್ಮದ್ ಪ್ರೊಫೆಶನಲ್ ಆಯಿ ಕ್ಯಾಲಿಬ್ರೇಟ್ ಮಾಡ್ಸಿದ್ ಟೀವಿ" ಅಂಬುದ್ ಒಂದ್ ಒಡವಿ ಆಯ್ತ್.

ಬಣ್ಣ ಚೂರ್ ಹೆಚ್ಚಾದ್ರೆ ಎಂತ ಮಹಾ ನಷ್ಟ ಅಂದೇಳಿ ಕೇಂಬ್ರಿ. ಬೇರೆ ಊರಿನವ್ರ್ ಕೇಂಡ್ರೆ ಕೇಣ್ಲಿ, ಕೆರಾಡಿಯವ್ರ್ ಕೇಂಬುಕಾಗ. 2022ರಲ್ಲಿ ಬಂದ 'ಕಾಂತಾರ'ದ ಚಿತ್ರೀಕರಣ ನಡದ್ದ್ ನಮ್ಮ ಈ ಊರಂಗೇ, ಅದ್ರ ನಿರ್ದೇಶಕ ರಿಷಬ್ ಶೆಟ್ಟರೂ ಇದೇ ಊರಿನವ್ರ್. ಆ ಸಿನಿಮಾದ ಜೀವ ಇಪ್ಪುದೇ ಕತ್ತಲಿಯಂಗೆ. ಕಾಡಿನ ಕತ್ತಲಿ, ಸೂಡಿ ಬೆಂಕಿ, ದೈವದ ಮುಖದ ಬಣ್ಣ. ಕ್ಯಾಮೆರಾ ಹಿಡ್ದ ಅರವಿಂದ ಕಶ್ಯಪ್ ಆ ಕತ್ತಲಿಯ ಎಷ್ಟ್ ಕಷ್ಟ ಪಟ್ಟ್ ಕಟ್ಟಿರ್ಲಿಕ್ಕಿಲ್ಲೆ! ವಿವಿಡ್ ಮೋಡಂಗೆ ಹಾಕಿ ಕಾಣಿ. ಕಾಡಿನ ಕತ್ತಲಿ ಬೂದಿ ನೀಲಿ ಆತ್ತ್. ಬೆಂಕಿ ಕಿತ್ತಳಿ ಹಣ್ಣಿನ ಶರಬತ್ತ್ ಆತ್ತ್. ಮಳಿಗಾಲದ ನಮ್ಮ ಹಸ್ರ್ ಪ್ಲಾಸ್ಟಿಕ್ ಚಾಪಿ ಹಸ್ರ್ ಆತ್ತ್. ಕೋಲ, ಪಾಣಾರಾಟ ಕಂಡ್ ಬೆಳ್ದ ಕಣ್ಣಿಗೆ ಸೂಡಿ ಬೆಳ್ಕಂಗೆ ಮುಖ ಹೆಂಗ್ ಕಾಣತ್ತ್ ಅಂದೇಳಿ ಯಾವ ಮೀಟ್ರೂ ಹೇಳ್ಕಾದ್ದಿಲ್ಲೆ. ನಮ್ಮೂರ ಕತ್ತಲಿಯ ನಮ್ಮದೇ ಚಾವಡಿಯಂಗೆ ಸುಳ್ಳ್ ಮಾಡಿ ತೋರ್ಸುಕೆ ನಾವೇ 50,000 ಕೊಟ್ಟದ್ದಾ?

ಬರೀ ಸಿನಿಮಾ ಅಲ್ಲ. ಮನುಷ್ಯರ ಮೈಬಣ್ಣ ಕಾಣಿ. ಬಿಸ್ಲಂಗೆ ಗದ್ದಿ ಕೆಲ್ಸ ಮಾಡಿದವ್ರ ಕಪ್ಪು ಮೈ ನೀಲಿ ಬೆಳ್ಕಂಗೆ ಬೂದಿ ಬಳ್ದಂಗೆ ಕಾಣತ್ತ್. ಕೆಂಪು ಹೆಚ್ಚ್ ಮಾಡಿದ್ರೆ ಕುಂಕುಮ ಮೆತ್ತಿದಂಗೆ ಕಾಣತ್ತ್. ನಮ್ಮ ಬಣ್ಣ ನಮ್ಮ ಬಣ್ಣದಂಗೆ ಕಾಂಬುದ್ ಒಂದ್ ಮರ್ಯಾದಿ ವಿಷ್ಯ ಮರ್ರೆ. ಬೆಳ್ಳಗಾಪು ಕ್ರೀಮ್ ಮಾರಿ ಒಂದ್ ತಲೆಮಾರಿನ ಹೆಣ್ಮಕ್ಳ ಮನಸ್ಸ್ ಹಾಳ್ ಮಾಡಿದ್ ಸಾಕಾಗ್ಲಿಲ್ಯಾ?

ಮತ್ತೆ ಯಕ್ಷಗಾನ. ಮಳಿಗಾಲದಂಗೆ ಮೇಳ ಇಲ್ದಾಗ ನಮ್ಮನೆಯವ್ರ್ ರಾತ್ರಿ ಹಳೇ ಆಟದ ವೀಡಿಯೋ ಹಾಕ್ಕಂಡ್ ಕೂಕಂತ್ರ್. ಪುಂಡು ವೇಷದವ್ರ್ ಮಂಡಿ ಹಾಕಿ ತಿರ್ಗುವಾಗ ಕಾಣ್ಕ್ ನೀವ್! ಕೈ ಎರಡಿದ್ದದ್ ಮೂರಾತ್ತ್, ಕಿರೀಟದ ಸುತ್ತ ಹೊಗಿ ಕಟ್ಟಿದಂಗೆ ಆತ್ತ್. ಇದ್ ಬಣ್ಣದ ದೋಷ ಅಲ್ಲ, ಚಲನೆ ನಯ ಮಾಡುವ ಯಂತ್ರದ ಕೆಲ್ಸ. ಸಿನಿಮಾ ಅಂದ್ರೆ ಸೆಕೆಂಡಿಗೆ 24 ಚಿತ್ರ. ಟೀವಿ ಸೆಕೆಂಡಿಗೆ 60 ಸಲ ಅಥವಾ ಹೆಚ್ಚ್ ಚಿತ್ರ ಬದ್ಲ್ ಮಾಡತ್ತ್. ನಡುವಿನ ಜಾಗಕ್ಕೆ ಇಲ್ಲದ ಚಿತ್ರವ ಟೀವಿ ತಾನೇ ಊಹೆ ಮಾಡಿ ತುಂಬತ್ತ್. ಯಾರೂ ಕುಣಿಯದ ಕುಣಿತ, ಯಾರೂ ಎತ್ತದ ಕೈ. 2018ರ ಡಿಸೆಂಬರಂಗೆ ಹಾಲಿವುಡ್ಡಿನ ಟಾಮ್ ಕ್ರೂಸ್ ಒಂದ್ ವೀಡಿಯೋ ಮಾಡಿ, ದಯವಿಟ್ಟ್ ಇದನ್ನ ಬಂದ್ ಮಾಡಿ ಸಿನಿಮಾ ಕಾಣಿ ಅಂದೇಳಿ ಕೇಂಡ್ಕಂಡಿದ್ದ. 2019ರಲ್ಲಿ ದೊಡ್ಡ ದೊಡ್ಡ ನಿರ್ದೇಶಕರ್ ಬೆಂಬಲಕ್ಕೆ ನಿಂತ್ ಫಿಲ್ಮ್‌ಮೇಕರ್ ಮೋಡ್ ಅಂದೇಳಿ ಒಂದ್ ಬಟನ್ ಬಂತ್. ಅದನ್ನ ಒತ್ತಿದ್ರೆ ಈ ನಯ ಮಾಡುದೆಲ್ಲ ಬಂದ್, ಬಿಳಿ ಡಿ65ಕ್ಕೆ ಬತ್ತ್. ಒಳ್ಳೇದೇ ಆಯ್ತ್. ಆರೆ ಆ ಬಟನ್ ಎಲ್ಲಿತ್ತ್ ಅಂದೇಳಿ ಹುಡ್ಕ್ಕಾದವ್ರ್ ನಾವ್. ಸುಳ್ಳ್ ತಾನಾಯ್ ಬತ್ತ್, ಸತ್ಯ ಹುಡ್ಕ್ಕಂಡ್ ಹೋಯ್ಕ್.

ನಮ್ಮ ಅತ್ತಿಗೆ ಕಣ್ಣಿನ ಪೊರಿ ಆಪರೇಷನ್ ಆಯಿತ್ತ್. ಹಳೇ ಪೊರಿ ಹಳದಿ ಕನ್ನಡಕದಂಗೆ ನೀಲಿ ಬೆಳ್ಕ್ ತಡೀತಿರತ್ತ್. ಅದನ್ನ ತೆಗ್ದ ಮೇಲೆ ನೀಲಿ ಹೆಚ್ಚ್ ಕಾಂಬುದ್ ಸಹಜ. ರಾತ್ರಿ ಲೈಟ್ ಬಂದ್ ಮಾಡಿ ಧಾರಾವಾಹಿ ಹಾಕ್ರೆ, "ಕಣ್ಣಿಗ್ ಚುಚ್ಚತ್ತ್ ಮಗಾ" ಅಂದೇಳಿ ಸೆರ್ಗ್ ಅಡ್ಡ ಹಿಡೀತಿದ್ರ್. ಅಂಗ್ಡಿಯ ಟ್ಯೂಬ್‌ಲೈಟಿಗೆ ಪೈಪೋಟಿ ಕೊಡುಕೆ ಇಟ್ಟ ಬೆಳ್ಕ್ ಕತ್ತಲಿ ಕೋಣಿಯಂಗೆ ಮುದ್ಕಿ ಕಣ್ಣಿಗೆ ಹೊಡ್ದ್ರೆ ಅದ್ ಬರೀ ಚೆಂದದ ಪ್ರಶ್ನಿ ಅಲ್ಲ ಅಲ್ದಾ? ಹೆಚ್ಚ್ ಬೆಳ್ಕಿಗೆ ಕರೆಂಟೂ ಹೆಚ್ಚ್ ಹೋತ್ತ್, ಅದ್ರ ಬಿಲ್ಲೂ ನಮ್ದೇ.

"ಅಷ್ಟೆಲ್ಲಾ ಹೇಳುದಾರೆ ಎಕ್ಸ್‌ಪರ್ಟ್‌ನ ಕರ್ಸಿ ಸರಿ ಮಾಡ್ಸಿ, ಎಂತಕೆ ಬೇಡ ಅಂತ್ರಿ?" ಅಂದೇಳಿ ಮಗ ಕೇಂಡ. ಬೇಡ ಅಂಬುಕೆ ನನ್ನ ಹತ್ರ ನಾಕ್ ಕಾರಣ ಇತ್ತ್.

ಒಂದನೇದ್, ಹೊಚ್ಚ ಹೊಸ ಟೀವಿಯ ಪರದಿ ಶುರುವಿಗೆ ಚೂರ್ ಬದ್ಲಾಗತ್ತ್. ಈ ಕೆಲ್ಸ ಗೊತ್ತಿಪ್ಪವ್ರೇ ನೂರಿನ್ನೂರ್ ಗಂಟಿ ಓಡ್ಲಿ, ಮತ್ತೆ ಅಳಿವ ಅಂತ್ರ್. ಪೆಟ್ಟಿಗೆ ಬಿಚ್ಚಿದ ಮರ್ದಿನವೇ ಮೀಟ್ರ್ ಹಿಡ್ಕಂಡ್ ಬಪ್ಪುದ್, ಬಾಣಂತಿ ಎದ್ದ್ ಕೂಕಂಬುಕೆ ಮುಂಚೆ ರವಿಕೆ ಅಳತಿ ತಕಂಡಂಗೆ.

ಎರಡನೇದ್, ಒಂದೇ ಟೀವಿಯಂಗೆ ಒಂದೇ ಸೆಟ್ಟಿಂಗ್ ಇಪ್ಪುದಿಲ್ಲೆ. ಡಿಶ್ ಬಾಕ್ಸಿಗೆ ಒಂದ್, ಟೀವಿಯೊಳಗಿನ ಆ್ಯಪಿಗೆ ಒಂದ್. ಸಾದಾ ಚಿತ್ರಕ್ಕೆ ಬೇರೆ, ಎಚ್‌ಡಿಆರ್‌ಗೆ ಬೇರೆ, ಡಾಲ್ಬಿ ವಿಶನ್‌ಗೆ ಮತ್ತೂ ಬೇರೆ. ಎಲ್ಲದ್ಕೂ ಅಳ್ದ್ ಕೊಡ್ತ್ರಾ, ಒಂದಕ್ಕೇ ಅಳ್ದ್ ಹೋತ್ರಾ ಅಂದೇಳಿ ಕೇಂಬುಕೂ ಹೆಚ್ಚಿನವ್ರಿಗೆ ಗೊತ್ತಿಲ್ಲೆ.

ಮೂರನೇದ್ ನಮ್ಮ ಮನಿ. ಕ್ಯಾಲಿಬ್ರೇಶನ್ನಿಗೆ ಕತ್ತಲಿ ಕೋಣಿ ಬೇಕ್. ಸಾದಾ ಚಿತ್ರಕ್ಕೆ ಬಿಳಿಯ ಬೆಳ್ಕ್ ಸುಮಾರ್ 100 ನಿಟ್ಸ್ ಸಾಕ್ ಅಂಬುದ್ ಸ್ಟುಡಿಯೋ ಕೋಣಿಯ ಲೆಕ್ಕ. ನಮ್ಮದ್ ಹೆಂಚಿನ ಮನಿ. ಚಾವಡಿ ಮಾಡಿಗೆ ಎರಡ್ ಗಾಜಿನ ಹೆಂಚ್. ಮಧ್ಯಾಹ್ನ 12 ಗಂಟಿಗೆ ಬಿಸ್ಲಿನ ಕೋಲ್ ಸೀದಾ ಟೀವಿ ಮುಖಕ್ಕೆ ಬೀಳತ್ತ್. ಆಟಿ ತಿಂಗ್ಳಂಗೆ ಹಗ್ಲೇ ದೀಪ ಹಾಕ್ಕ್. ಕತ್ತಲಿಗೆ ಅಳ್ದ ಬೆಳ್ಕ್ ಬೇಸ್ಗಿ ಮಧ್ಯಾಹ್ನಕ್ಕೆ ಎಂತಕ್ಕೂ ಬಪ್ಪುದಿಲ್ಲೆ. ಕೆಲವ್ ಟೀವಿಯಂಗೆ ಹಗ್ಲಿಗೊಂದ್, ರಾತ್ರಿಗೊಂದ್ ಅಂದೇಳಿ ಎರಡ್ ಮೋಡ್ ಇಟ್ಟದ್ದೇ ಇದ್ಕೆ. ಮೊದ್ಲ್ ಅದನ್ನ ಉಪಯೋಗ ಮಾಡ್ಕಣಿ.

ನಾಕನೇದ್, ನಾವ್ ಹಾಕಿ ಕಾಂಬುದ್ ಎಂತ? ನೆಟ್ ಕಡ್ಮಿ ಆದಾಗ ಮುಖದ ಮೇಲೆ ಚೌಕ ಚೌಕ ಏಳು ವೀಡಿಯೋ, ಮೊದ್ಲೇ ಬಣ್ಣ ಸುರ್ದ ಧಾರಾವಾಹಿ. ಅಕ್ಕಿಯಂಗೇ ಕಲ್ಲಿದ್ರೆ ಅಡುಗೆಯವ್ರ್ ಎಂತ ಮಾಡ್ತ್ರ್?

ಮಗನ ಒಂದ್ ಮಾತ್ ಮಾತ್ರ ನಾನ್ ಒಪ್ತೆ. "ಅಮ್ಮ, ಒಂದೇ ಕಂಪ್ನಿ, ಒಂದೇ ಮಾಡೆಲ್ ಆದ್ರೂ ಎರಡ್ ಟೀವಿ ಒಂದೇ ನಮೂನಿ ಇಪ್ಪುದಿಲ್ಲೆ, ಆ ಕೊನಿ ವ್ಯತ್ಯಾಸ ಮೀಟ್ರಿಗೆ ಮಾತ್ರ ಕಾಂಬುದ್" ಅಂದ. ಅದ್ ಸತ್ಯ. ಅದ್ಕೇ ಯಾರೋ ಬೇರೆಯವ್ರ್ ಅವ್ರ ಟೀವಿಗೆ ಅಳ್ದ ಬಿಳಿ ಬಣ್ಣದ ನಂಬ್ರ ತಂದ್ ನಿಮ್ಮ ಟೀವಿಗೆ ಹಾಕ್ಬೇಡಿ. ನೆರೆಮನಿಯವ್ರ ಕನ್ನಡಕ ಹಾಕ್ಕಂಡಂಗೆ ಆತ್ತ್. ಸಿನಿಮಾ ಎಡಿಟಿಂಗ್ ಮಾಡುವವ್ರ್, ಫೋಟೋ ಕೆಲ್ಸದವ್ರ್, ಪ್ರೊಜೆಕ್ಟರ್ ಇಟ್ಟ್ ಬೇರೆ ಕೋಣಿಯೇ ಮಾಡಿದವ್ರ್, ಅವ್ರೆಲ್ಲಾ ಮೀಟ್ರ್ ಹಾಕ್ಸ್ಕಣ್ಲಿ. ಅದ್ ಅವ್ರ ಅನ್ನದ ಪ್ರಶ್ನಿ ಅಥವಾ ಆಸೆಯ ಪ್ರಶ್ನಿ. ಆರೆ ಚಾವಡಿ ಟೀವಿಯ ದೊಡ್ಡ ಸುಳ್ಳ್ ಇಪ್ಪುದ್ ಆ ಕೊನಿ ಕೂದಲೆಳಿ ವ್ಯತ್ಯಾಸದಂಗೆ ಅಲ್ಲ. ಅಂಗ್ಡಿಯವ್ರ್ ಬಿಟ್ಟ್ ಹೋದ ಮೋಡಂಗೆ. ಅದನ್ನ ತೆಗೂಕೆ ಮೀಟ್ರ್ ಬೇಡ, ರಿಮೋಟ್ ಸಾಕ್.

ಮಾಡುದ್ ಹೆಂಗೆ? ಹೇಳ್ತೆ ಕೇಣಿ. ಸೆಟ್ಟಿಂಗಿಗೆ ಹೋಯ್ ಪಿಕ್ಚರ್ ಮೋಡಂಗೆ ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಒತ್ತಿ. ಕಲರ್ ಟೋನ್ ಅಂಬಲ್ಲಿ ವಾರ್ಮ್ ಇಡಿ, ವಾರ್ಮ್ 2 ಇದ್ರೆ ಅದೇ ಇಡಿ. ಚಲನೆ ನಯ ಮಾಡುದನ್ನ ಬಂದ್ ಮಾಡಿ. ಎಲ್‌ಜಿಯಂಗೆ ಟ್ರೂಮೋಶನ್, ಸೋನಿಯಂಗೆ ಮೋಶನ್‌ಫ್ಲೋ, ಸ್ಯಾಮ್‌ಸಂಗಂಗೆ ಆಟೋ ಮೋಶನ್ ಪ್ಲಸ್ ಅಥವಾ ಪಿಕ್ಚರ್ ಕ್ಲ್ಯಾರಿಟಿ ಅಂದೇಳಿ ಇರತ್ತ್. ಡೈನಾಮಿಕ್ ಕಾಂಟ್ರಾಸ್ಟ್ ಬಂದ್. ಶಾರ್ಪ್‌ನೆಸ್ ಇಳ್ಸಿ, ಅಕ್ಷರದ ಸುತ್ತ ಬಿಳಿ ಗೆರಿ ಹೋಪಲ್ಲಿವರೆಗೆ. ಬಣ್ಣದ ನಂಬ್ರ ಮುಟ್ಟ್‌ಬೇಡಿ. ಬೆಳ್ಕ್ ಅಂದ್ರೆ ಬ್ಯಾಕ್‌ಲೈಟ್ ಒಂದನ್ನ ಮಾತ್ರ ನಿಮ್ಮ ಕೋಣಿಗೆ ತಕ್ಕ ಹಾಗೆ ಹಗ್ಲಿಗೆ ಏರ್ಸಿ, ರಾತ್ರಿಗೆ ಇಳ್ಸಿ. ಡಿಶ್ ಬಾಕ್ಸಿಗೂ, ಆ್ಯಪಿಗೂ ಎರಡೂ ಕಡೆ ಬೇರೆ ಬೇರೆ ಮಾಡ್ಕ್, ಮರೀಬೇಡಿ. ಕಾಲ್ ಗಂಟಿ ಕೆಲ್ಸ.

ಮಾಡಿದ ಕೂಡ್ಲೇ ಮನಿ ಮಂದಿಯೆಲ್ಲಾ "ಅಯ್ಯೋ ಎಲ್ಲಾ ಹಳದಿ ಹಳದಿ, ಮಂಕ್ ಮಂಕ್!" ಅಂದೇಳಿ ಬೊಬ್ಬಿ ಹೊಡೀತ್ರ್. ಹೊಡ್ಕಣ್ಲಿ. ಬಿಸ್ಲಿಂದ ಒಳಗೆ ಬಂದವ್ರಿಗೆ ಅಡುಗೆ ಕೋಣಿ ಕತ್ತಲಿ ಅಂದೇಳಿ ಕಾಂಬುದಿಲ್ಯಾ? ಸ್ವಲ್ಪ ಹೊತ್ತಂಗೆ ಡಬ್ಬಿಯೊಳಗಿನ ಸಾಸಿವೆಯೂ ಕಾಣತ್ತ್. ಕಣ್ಣಿಗೆ ನಾಕ್ ದಿನ ಕೊಡಿ. ಒಂದ್ ವಾರ ಬಿಟ್ಟ್ ಹಳೇ ವಿವಿಡ್‌ಗೆ ಹಾಕಿ ಕಾಣಿ, ಆಗ ನಿಮ್ಗೇ ನಗಿ ಬತ್ತ್. ನಮ್ಮತ್ತಿ ಈಗ ಸೆರ್ಗ್ ಅಡ್ಡ ಹಿಡೀದೇ ಧಾರಾವಾಹಿ ಕಾಂತ್ರ್.

ಒಂದ್ ಕಾಲದಂಗೆ ಇದೆಲ್ಲಾ ನಮ್ಮ ಕೈಯಂಗೇ ಇದ್ದಿತ್ತ್. ದೇಶಕ್ಕೆ ಬಣ್ಣದ ಟೀವಿ ಬಂದದ್ದ್ 1982ರಲ್ಲಿ, ದಿಲ್ಲಿ ಏಷ್ಯನ್ ಗೇಮ್ಸ್ ವರ್ಷ. 1987ರಲ್ಲಿ ರಾಮಾಯಣ ಶುರುವಾದಾಗ ನಾವ್ ನೆರೆಮನಿ ಜಗ್ಲಿಯಂಗೆ ಸಾಲಾಯ್ ಕೂಕಂಡ್ ಕಂಡವ್ರ್. ಕಾರ್ಯಕ್ರಮ ಶುರುವಾಪುಕೆ ಮುಂಚೆ ದೂರದರ್ಶನದವ್ರ್ ಬಣ್ಣದ ಪಟ್ಟಿ ತೋರ್ಸ್ತಿದ್ರ್. ಆ ಪಟ್ಟಿ ಸುಮ್ನೆ ಇಟ್ಟದ್ದಲ್ಲ, ಬಣ್ಣ ಸಮಾ ಮಾಡುಕೇ ಇಪ್ಪುದ್. ಮನಿ ಯಜಮಾನ್ರ್ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಕಲರ್ ಅಂಬ ಮೂರ್ ತಿರುಗಣಿ ತಿರುಗ್ಸಿ, ಮುಖ ಮುಖದಂಗೆ ಕಂಡ ಮೇಲೆ ಕೈ ಬಿಡ್ತಿದ್ರ್. ಫೀಸ್ ಇಲ್ಲೆ, ಎಕ್ಸ್‌ಪರ್ಟ್ ಇಲ್ಲೆ. ಈಗ ಆ ಮೂರ್ ತಿರುಗಣಿಯ ಹತ್ತ್ ಮೆನು ಒಳಗೆ ಹುಗ್ದಿಟ್ಟ್, ಅದನ್ನ ಹುಡ್ಕಿ ಕೊಡುಕೆ ಬೇರೆ ದುಡ್ಡ್ ಕೇಂತಾ ಇತ್ತ್ ಲೋಕ.

ಅದ್ಕೇ ಅಕ್ಕಂದಿರೇ, ನಾಳಿಕೆ ಟೀವಿ ತಕಂಬುಕೆ ಹೋದ್ರೆ ಬಿಲ್ಲ್ ಮಾಡುಕೆ ಮುಂಚೆಯೇ ಒಂದ್ ಮಾತ್ ಕೇಣಿ: "ಇದನ್ನ ಸಿನಿಮಾ ಮೋಡಿಗೆ ಹಾಕಿ, ವಾರ್ಮ್ ಇಟ್ಟ್, ಮೋಶನ್ ಬಂದ್ ಮಾಡಿ ತೋರ್ಸಿ." ಆಗ್ಲೂ ಚೆಂದ ಕಂಡದ್ದನ್ನ ತಕಣಿ. ಹಂಗ್ ತೋರ್ಸುಕೆ ಒಪ್ಪದ ಅಂಗ್ಡಿ ನಮ್ಗ್ ಬೇಡ. ಮನಿಗೆ ಫಿಟ್ ಮಾಡುಕೆ ಬಪ್ಪು ಮಾಣಿ ಗೋಡಿಗೆ ನಾಕ್ ಸ್ಕ್ರೂ ಹೊಡ್ದ್, ವೈಫೈ ಹಾಕಿ, ಸಹಿ ತಕಂಡ್ ಓಡುವ ಅಂದೇಳಿ ಇರ್ತ. ಅವನದ್ದೂ ತಪ್ಪಲ್ಲ, ದಿನಕ್ಕೆ ಎಷ್ಟ್ ಮನಿ ಸುತ್ತ್ಕೋ ಏನೋ. ಅವನಿಗೆ ಒಂದ್ ಲೋಟ ಚಾ ಕೊಡಿ, ಎರಡ್ ಚಕ್ಲಿ ಇಡಿ. ರಿಮೋಟ್ ಅವನ ಕೈಗ್ ಕೊಟ್ಟ್, ಸಿನಿಮಾ ಮೋಡ್ ಹಾಕ್ದ ಮೇಲೇ ಸಹಿ ಅಂದೇಳಿ ಹೇಳಿ. ಅವ ಸಿನಿಮಾ ಮೋಡ್ ಹಾಕುವಲ್ಲಿವರೆಗೆ ನೀವ್ ಪೆನ್ನ್ ಮುಟ್ಟ್‌ಬೇಡಿ.